ಮೈಯೊಳಗೆ ಸೇರುವ ಸೀಸ: ಲಕ್ಷಣಗಳೇನು, ಬರುವುದೆಲ್ಲಿಂದ?

ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ನೋಡದ ಕರಾವಳಿಯವರು ಕಡಿಮೆ. ಗಾತ್ರಕ್ಕೆ ಮೀರಿದ ತೂಕ, ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೃದು, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ನೀರಾಗುವ ಲೋಹ. ಸೌದೆ ಒಲೆಯ ಬೆಂಕಿಯೇ ಇದಕ್ಕೆ ಸಾಕು. ಹೀಗೆ ಸುಲಭವಾಗಿ ಪಳಗುವುದರಿಂದಲೇ ಸೀಸ ನಮ್ಮ ಬದುಕಿನ ನೂರೆಂಟು ಕಡೆ ನುಸುಳಿದೆ. ಅದು ದೇಹಕ್ಕೂ ನುಸುಳುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಮುಂತಾದವುಗಳನ್ನು ಒಟ್ಟಾಗಿ ಭಾರಲೋಹಗಳು ಎನ್ನುತ್ತಾರೆ. ಕಬ್ಬಿಣ, ಸತು ನಮ್ಮ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕು. ಆದರೆ ಸೀಸದಿಂದ ದೇಹಕ್ಕೆ ಒಂದು ಕಾಸಿನ ಉಪಯೋಗವೂ ಇಲ್ಲ. ನಮ್ಮಲ್ಲಿ ಹೆಚ್ಚು ಮನೆಗಳನ್ನು ತಟ್ಟಬಲ್ಲದ್ದು ಸೀಸವೇ ಆದುದರಿಂದ ಈ ಲೇಖನದಲ್ಲಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇವೆ.

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಾಕಾರ್ ನಗರದ ಹೊರವಲಯದಲ್ಲಿ ತಿಯಾರಾಯ್ ಸುರ್ ಮೇರ್ ಎಂಬ ಊರಿದೆ. ಸಮುದ್ರದ ಅಂಚಿನಲ್ಲಿರುವ ಮೀನುಗಾರರ ಊರು. ಅಲ್ಲಿಯ ಕಮ್ಮಾರರು ಹಳೇ ವಾಹನ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕರಗಿಸಿ ಬಲೆಯ ಗುಂಡುಗಳನ್ನು ಮಾಡುತ್ತಿದ್ದರು. ವರ್ಷಗಟ್ಟಲೆ ಸೀಸದ ಪುಡಿ ಮರಳು ಮಣ್ಣಿನಲ್ಲಿ ಬೆರೆಯುತ್ತಾ ಹೋಯಿತು. ಸೀಸದ ಬೆಲೆ ಏರಿದಾಗ ಆ ಮಣ್ಣಿಗೂ ಗಿರಾಕಿಗಳು ಬಂದರು. ಹೆಂಗಸರು ಮಣ್ಣನ್ನು ಅಗೆದು, ಜರಡಿ ಹಿಡಿದು, ಮೂಟೆ ಕಟ್ಟಿ ಮಾರತೊಡಗಿದರು. ಮಕ್ಕಳು ಅದೇ ಧೂಳಿನಲ್ಲಿ ಆಡುತ್ತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ ಒಂದೇ ಕೇರಿಯಲ್ಲಿ 18 ಮಕ್ಕಳು ತೀರಿಕೊಂಡರು. ಕಾರಣ ಮೊದಲು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಸತ್ತ ಮಕ್ಕಳ ಒಡಹುಟ್ಟಿದವರ, ತಾಯಂದಿರ ಮತ್ತು ನೆರೆಯವರ ರಕ್ತ ಪರೀಕ್ಷೆ ನಡೆಸಿದಾಗ ಪರೀಕ್ಷಿಸಿದ 81 ಮಂದಿಯಲ್ಲೂ ಸೀಸದ ವಿಷ ಪತ್ತೆಯಾಯಿತು. 50 ಮಕ್ಕಳ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಸರಾಸರಿ 129.5 ಮೈಕ್ರೋಗ್ರಾಂ ಸೀಸವಿತ್ತು. ಅತಿ ಹೆಚ್ಚು ಇದ್ದ ಮಗುವಿನಲ್ಲಿ 613.9. ಇಂದು 5 ಮೈಕ್ರೋಗ್ರಾಂ ಕಂಡರೇ ಮೂಲವನ್ನು ಹುಡುಕಿ ದೂರ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಎಂದರೆ ಅಂತರವನ್ನು ಊಹಿಸಿಕೊಳ್ಳಬಹುದು.

ಆ ಹೆಂಗಸರು ಮಾಡಿದ ತಪ್ಪೇನು? ಏನೂ ಇಲ್ಲ. ಮಣ್ಣು ವಿಷವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಸೀಸ ದೇಹದಲ್ಲಿ ಮಾಡುವ ಅನಾಹುತದ ಗುಟ್ಟು ಅದರ ವೇಷದಲ್ಲಿದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನರಗಳಲ್ಲಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸದ ಜಾಗದಲ್ಲಿ ಸೀಸ ಕುಳಿತು ಕೆಲಸ ಕೆಡಿಸುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಕಿಣ್ವಗಳನ್ನು ತಡೆಯುತ್ತದೆ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಆದರೆ ಎಲುಬಿಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ. ಹೆಣ್ಣುಮಗಳೊಬ್ಬಳು ಬಾಲ್ಯದಲ್ಲಿ ನುಂಗಿದ ಸೀಸ ಆಕೆ ಗರ್ಭಿಣಿಯಾದಾಗ ಎಲುಬಿನಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸಿಗೆ ತಲುಪಬಹುದು.

ಈಗ ಲಕ್ಷಣಗಳ ವಿಚಾರ. ಇಲ್ಲಿಯೇ ತೊಡಕು ಇರುವುದು. ಸೀಸಕ್ಕೆಂದೇ ಬೇರೆಯಾದ ಲಕ್ಷಣ ಎಂಬುದು ಬಹಳ ಕಡಿಮೆ. ಮಕ್ಕಳಲ್ಲಿ ಆಗಾಗ ಬರುವ ಹೊಟ್ಟೆನೋವು, ಮಲಬದ್ಧತೆ, ಊಟ ಸೇರದಿರುವುದು, ಬಿಳಿಚಿದ ಮುಖ, ಸಿಡುಕು, ಪಾಠದಲ್ಲಿ ಗಮನ ನಿಲ್ಲದಿರುವುದು, ಕಲಿತ ಮಾತು ಹಿಂದೆ ಬೀಳುವುದು. ಇವುಗಳಲ್ಲಿ ಪ್ರತಿಯೊಂದಕ್ಕೂ ನಮ್ಮಲ್ಲಿ ಸಿದ್ಧ ಉತ್ತರವಿದೆ: ಹುಳದ ತೊಂದರೆ, ರಕ್ತ ಕಡಿಮೆ, ಹಠಮಾರಿ ಮಗು, ಟಿವಿ ಮೊಬೈಲ್ ಹುಚ್ಚು. ಹತ್ತರಲ್ಲಿ ಒಂಬತ್ತು ಸಲ ಈ ಉತ್ತರಗಳೇ ಸರಿಯಿರಬಹುದು. ಹುಳದ ಮಾತ್ರೆ ಕೊಟ್ಟರೂ ಹೊಟ್ಟೆನೋವು ಮರುಕಳಿಸಿದರೆ, ಕಬ್ಬಿಣದ ಟಾನಿಕ್ ತಿಂಗಳುಗಟ್ಟಲೆ ಕುಡಿದರೂ ಹಿಮೋಗ್ಲೋಬಿನ್ ಏರದಿದ್ದರೆ, ಒಂದೇ ಮನೆಯ ಎರಡು ಮೂರು ಮಕ್ಕಳಲ್ಲಿ ಇದೇ ಕತೆಯಾದರೆ ಮಾತ್ರ ಬೇರೆ ಪ್ರಶ್ನೆ ಕೇಳುವ ಸಮಯ ಬಂದಿದೆ ಎಂದು ತಿಳಿಯಬೇಕು. ಪ್ರಮಾಣ ತೀರಾ ಏರಿದಾಗ ವಾಂತಿ, ತೂಕಡಿಕೆ, ನಡಿಗೆಯಲ್ಲಿ ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು ಕಾಣಿಸಿಕೊಳ್ಳುತ್ತವೆ. ಆಗ ಒಂದು ಗಂಟೆಯೂ ತಡ ಮಾಡುವಂತಿಲ್ಲ. 2010ರಲ್ಲಿ ನೈಜೀರಿಯಾದ ಜಂಫಾರಾ ರಾಜ್ಯದಲ್ಲಿ ಸೀಸಭರಿತ ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಪುಡಿ ಮಾಡುತ್ತಿದ್ದ ಹಳ್ಳಿಗಳಲ್ಲಿ ನೂರಾರು ಮಕ್ಕಳು ಸತ್ತರು. ಮೊದಲಿಗೆ ಊರವರು ಅದನ್ನು ಮಲೇರಿಯಾ ಎಂದೇ ಭಾವಿಸಿದ್ದರು. ಮಲೇರಿಯಾವನ್ನು ಚೆನ್ನಾಗಿ ಬಲ್ಲ ನಮ್ಮ ಊರುಗಳಿಗೂ ಇದು ನೆನಪಿರಲಿ.

ದೊಡ್ಡವರಲ್ಲಿ ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ತಲೆನೋವು, ಗಂಟುನೋವು, ನಿದ್ರೆ ಕೆಡುವುದು, ಏರಿದ ರಕ್ತದೊತ್ತಡ ಇವು ಸಾಮಾನ್ಯ. ಕಾಲಕ್ರಮದಲ್ಲಿ ಮೂತ್ರಪಿಂಡಗಳೂ ಸೊರಗುತ್ತವೆ. ಕೆಲವರಲ್ಲಿ ಹಲ್ಲಿನ ಬುಡದ ವಸಡಿನಲ್ಲಿ ನೀಲಿ ಕಪ್ಪು ಗೆರೆ ಕಾಣುತ್ತದೆ. ವರ್ಷಗಟ್ಟಲೆ ಸೀಸದೊಂದಿಗೆ ಕೆಲಸ ಮಾಡಿದವರ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬೀಳುವುದೂ ಉಂಟು. ಆದರೆ ಈ ಗೆರೆಯೂ ಜೋತ ಕೈಯೂ ಇಲ್ಲವೆಂದ ಮಾತ್ರಕ್ಕೆ ಸೀಸ ಇಲ್ಲವೆಂದಲ್ಲ. ಮಕ್ಕಳ ಬುದ್ಧಿಶಕ್ತಿಗೆ ತಗಲುವ ಪೆಟ್ಟು ಯಾವ ಲಕ್ಷಣವೂ ಕಾಣದ ಮಟ್ಟದಲ್ಲೇ ಆರಂಭವಾಗುತ್ತದೆ. ಇದಕ್ಕಿಂತ ಕೆಳಗಿದ್ದರೆ ಅಪಾಯವಿಲ್ಲ ಎನ್ನಬಹುದಾದ ಗಡಿರೇಖೆಯೇ ತಜ್ಞರಿಗೆ ಸಿಕ್ಕಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವನ್ನು ಎತ್ತಿ ಹಿಡಿದವರಲ್ಲಿ ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ನಮ್ಮ ಧರ್ಮಾಧ್ಯಕ್ಷರ ಮಂಡಳಿಗೆ ಸೇರಿದ ಕಾಲೇಜಿದು ಎಂಬುದು ಓದುಗರಿಗೆ ಗೊತ್ತಿರುವಂಥದ್ದೇ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಜೊತೆಗೂಡಿ ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿ ಸಹಿತ ಹಲವು ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವುದು ತಿಳಿದುಬಂತು. ಆಗ ಪೆಟ್ರೋಲಿಗೇ ಸೀಸ ಬೆರೆಸುತ್ತಿದ್ದರು. 2000ನೇ ಇಸವಿಯಲ್ಲಿ ದೇಶದಾದ್ಯಂತ ಅದು ನಿಂತಿತು. ಪೆಟ್ರೋಲಿನ ಸೀಸ ಹೋಯಿತು, ಆದರೆ ಸಮಸ್ಯೆ ಪೂರ್ತಿ ಹೋಗಲಿಲ್ಲ. ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ ಅಂದಾಜಿಸಿತು.

ಹಾಗಾದರೆ ಈಗ ಎಲ್ಲಿಂದ ಬರುತ್ತಿದೆ?

ಮೊದಲನೆಯದು ಬ್ಯಾಟರಿ. ಆಟೋ, ಲಾರಿ, ದೋಣಿ, ಇನ್ವರ್ಟರ್ ಯಾವುದರದ್ದೇ ಆಗಲಿ, ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಕೊಡುವುದಕ್ಕಿಂತ ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ವಾಪಸು ಕೊಡುವುದು ಒಳ್ಳೆಯದು. ಅದನ್ನು ಹಿತ್ತಲಲ್ಲಿ ಒಡೆದು ಕರಗಿಸುವ ಕೆಲಸ ಎಲ್ಲಿ ನಡೆದರೂ ಸುತ್ತಲಿನ ಮಕ್ಕಳಿಗೆ ಅಪಾಯ. ಬೀಸುಬಲೆಗೆ ಮನೆಯಲ್ಲೇ ಗುಂಡು ಎರಕ ಹೊಯ್ಯುವವರಿಗೂ ಇದೇ ಮಾತು. ಅಡುಗೆಯ ಒಲೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಸೀಸ ಕರಗಿಸುವುದು ಖಂಡಿತ ಬೇಡ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಒತ್ತುವ ಅಭ್ಯಾಸವನ್ನು ಇಂದೇ ಬಿಡಬೇಕು. ಬ್ಯಾಟರಿ, ಬೆಸುಗೆ, ರೇಡಿಯೇಟರ್ ರಿಪೇರಿ, ಪೇಂಟಿಂಗ್ ಕೆಲಸದವರು ಮನೆಗೆ ಬಂದೊಡನೆ ಮಗುವನ್ನು ಎತ್ತಿಕೊಳ್ಳುವ ಮುಂಚೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಎರಡನೆಯದು ಬಣ್ಣ. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದೆ ಬಳಿದದ್ದು ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ ಹಾಗೆಯೇ ಇದೆ. ಇದು ಚರ್ಚ್ ಕೆಲಸಗಳನ್ನು ನೋಡಿಕೊಳ್ಳುವವರಿಗೆ ನೇರವಾಗಿ ಸಂಬಂಧಿಸಿದ ವಿಷಯ. ವಾರ್ಷಿಕ ಹಬ್ಬಕ್ಕೆ, ಕ್ರಿಸ್ಮಸ್‌ಗೆ ಮೊದಲು ಹಳೇ ಗೇಟು, ಗ್ರಿಲ್, ಬೆಂಚುಗಳ ಬಣ್ಣವನ್ನು ಶ್ರಮದಾನದಲ್ಲಿ ಉಜ್ಜಿ ತೆಗೆಯುವಾಗ ಯುವಕರ ಜೊತೆ ಮಕ್ಕಳೂ ಉತ್ಸಾಹದಿಂದ ಸೇರುತ್ತಾರೆ. ಒಣ ಮರಳು ಕಾಗದದಿಂದ ಉಜ್ಜಿದರೆ ಏಳುವ ಧೂಳೇ ಅಪಾಯ. ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಟ್ಟು, ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಬೇಕು. ಬಿದ್ದ ಚೂರುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಒಟ್ಟುಮಾಡಬೇಕು, ಸುಡಬಾರದು. ನೆಲವನ್ನು ಗುಡಿಸದೆ ಒರೆಸಬೇಕು. ಬಾಲವಾಡಿ ಅಥವಾ ಧರ್ಮೋಪದೇಶ ತರಗತಿ ನಡೆಯುವ ಕೋಣೆಯ ಕಿಟಕಿಗಳಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ ಹಬ್ಬಕ್ಕೆ ಕಾಯಬೇಕಾಗಿಲ್ಲ.

ಅಡುಗೆಮನೆಯಲ್ಲೂ ದಾರಿಗಳಿವೆ. ಅರಸಿನದ ಹಳದಿ ಹೆಚ್ಚಿಸಲು ಸೀಸದ ಕ್ರೋಮೇಟ್ ಎಂಬ ಬಣ್ಣ ಬೆರೆಸುವ ಕೆಟ್ಟ ವ್ಯಾಪಾರವಿದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಸಿನದ ಶೇಕಡಾ 47 ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಾಳಿ, ದಂಡ, ಪ್ರಚಾರ ಮಾಡಿದ ಮೇಲೆ 2021ರಲ್ಲಿ ಒಂದರಲ್ಲೂ ಸಿಗಲಿಲ್ಲ. ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು! ಹಿತ್ತಲಿನ ಅರಸಿನ ಒಣಗಿಸಿ ಪುಡಿ ಮಾಡಿಸುವ ನಮ್ಮ ಅಜ್ಜಿಯಂದಿರ ಪದ್ಧತಿ ಎಷ್ಟೋ ಮೇಲು. ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಬಳಸಲು ಹೇಳಬೇಕು. ಅಗ್ಗಕ್ಕೆಂದು ಸೀಸ ಬೆರೆಸಿದ ಕಲಾಯಿಯಲ್ಲಿ ಹುಣಸೆ, ಪುನರ್ಪುಳಿ ಹಾಕಿದ ಸಾರು ಕುದಿಸಿದರೆ ಹುಳಿ ಆ ಲೋಹವನ್ನು ಸಾರಿಗೆ ಎಳೆದು ತರುತ್ತದೆ. ಮೀನುಸಾರಿಗೆ ಹೊಳಪಿನ ಲೇಪವಿಲ್ಲದ ಮಣ್ಣಿನ ಅಳಗೆಯೇ ವಾಸಿ.

ಕಣ್ಣಿಗೆ ಹಚ್ಚುವ ಕೆಲವು ಬಗೆಯ ಸುರ್ಮಾದಲ್ಲಿ ಸೀಸದ ಅದಿರೇ ಇರುತ್ತದೆ. ಮಕ್ಕಳಿಗೆ ಬೇಡ. ರಸೌಷಧಿ, ಭಸ್ಮಗಳ ಬಗ್ಗೆಯೂ ಎಚ್ಚರ ಬೇಕು. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಕಷಾಯ, ಗಿಡಮೂಲಿಕೆಗಳನ್ನೆಲ್ಲ ದೂರುವ ಉದ್ದೇಶ ನಮಗಿಲ್ಲ. ಲೇಬಲ್ ಇಲ್ಲದ ಪುಡಿ, ಮಾತ್ರೆಗಳನ್ನು ಯಾರೋ ಒಳ್ಳೆಯದೆಂದರು ಎಂಬ ಕಾರಣಕ್ಕೆ ಸೇವಿಸಬೇಡಿ ಎಂದಷ್ಟೇ ಹೇಳುತ್ತೇವೆ. ವೈದ್ಯರಲ್ಲಿಗೆ ಹೋಗುವಾಗ ತಿನ್ನುತ್ತಿರುವ ಎಲ್ಲವನ್ನೂ ಕೊಂಡೊಯ್ದು ತೋರಿಸಿ.

ಸಂಶಯವಿದ್ದರೆ ಮಾಡಬೇಕಾದ ಪರೀಕ್ಷೆ ಒಂದೇ: ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸದ ಪ್ರಮಾಣ. ಕೂದಲು ಕತ್ತರಿಸಿ ನೋಡುವ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿಯಲ್ಲ, ಮೂಲವನ್ನು ದೂರ ಮಾಡುವುದು. ಮಕ್ಕಳಲ್ಲಿ 45 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಯನ್ನು ಕೊಡುತ್ತಾರೆ. ಇದನ್ನು ಕೀಲೇಶನ್ ಎನ್ನುತ್ತಾರೆ. ಇದು ಆಸ್ಪತ್ರೆಯಲ್ಲಿ ತಜ್ಞರ ಕೈಯಲ್ಲಿ ಆಗಬೇಕಾದ ಕೆಲಸ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಗುಣವಾಗುತ್ತದೆಂದು ಕೀಲೇಶನ್ ಮಾಡಿಸಿದ 5 ವರ್ಷದ ಬಾಲಕ ರಕ್ತದ ಕ್ಯಾಲ್ಸಿಯಂ ಕುಸಿದು ಪ್ರಾಣ ಬಿಟ್ಟ. ದೇಹದ ವಿಷ ತೆಗೆಯುತ್ತೇವೆ ಎಂಬ ಜಾಹೀರಾತುಗಳನ್ನು ನೋಡಿದಾಗ ನಮಗೆ ಈ ಮಗುವಿನ ನೆನಪಾಗುತ್ತದೆ. ಹೊಟ್ಟೆ ಖಾಲಿ ಇದ್ದಷ್ಟೂ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಸೀಸ ಹೆಚ್ಚು ಹೀರಿಕೊಳ್ಳುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲರು. ಆದುದರಿಂದ ರಾಗಿ, ಹಾಲು, ಹಸಿರು ಸೊಪ್ಪು, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಮಕ್ಕಳಿಗೆ ಒಳ್ಳೆಯ ರಕ್ಷಣೆ. ಆಟವಾಡಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದೂ ಅಷ್ಟೇ ಮುಖ್ಯ.

ಇತರ ಲೋಹಗಳ ಬಗ್ಗೆ ಚುಟುಕಾಗಿ. ಆರ್ಸೆನಿಕ್ ಹೆಚ್ಚಾಗಿ ಕೊಳವೆಬಾವಿ ನೀರಿನಿಂದ ಬರುತ್ತದೆ. ಪಶ್ಚಿಮ ಬಂಗಾಳ, ಬಾಂಗ್ಲಾದೇಶದಲ್ಲಿ ಇದು ದೊಡ್ಡ ಸಮಸ್ಯೆ. ನಮ್ಮ ರಾಜ್ಯದಲ್ಲಿ ರಾಯಚೂರು, ಯಾದಗಿರಿ ಕಡೆಯ ಚಿನ್ನದ ಗಣಿ ಪ್ರದೇಶದ ನೀರಿನಲ್ಲೂ ಕಂಡುಬಂದಿದೆ. ಅಂಗೈ, ಅಂಗಾಲು ಒರಟಾಗಿ ಗಂಟುಕಟ್ಟುವುದು, ಎದೆ ಬೆನ್ನಿನ ಮೇಲೆ ಮಳೆಹನಿಯಂಥ ಕಲೆಗಳು ಇದರ ಗುರುತು. ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ.

ಪಾದರಸದ ವಿಷಯದಲ್ಲಿ ಮೀನು ತಿನ್ನುವ ನಮಗೆ ಸಹಜವಾಗಿ ಆತಂಕ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ, ಕಾರ್ಖಾನೆಯ ತ್ಯಾಜ್ಯದ ಪಾದರಸ ಮೀನಿನ ಮೂಲಕ ಜನರಿಗೆ ತಲುಪಿದ್ದು. ತುಟಿ, ಬೆರಳು ಜೋಮು ಹಿಡಿಯುವುದು, ಮಾತು ತೊದಲುವುದು, ನಡಿಗೆ ತಪ್ಪುವುದು, ನೋಟ ಕಿರಿದಾಗುವುದು ಅದರ ಲಕ್ಷಣಗಳು. ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ. ಅವುಗಳನ್ನು ಧಾರಾಳವಾಗಿ ತಿನ್ನಬಹುದು. ಬೇರೆ ಮೀನುಗಳನ್ನು ತಿಂದು ವರ್ಷಗಟ್ಟಲೆ ಬದುಕುವ ಶಾರ್ಕ್, ದೊಡ್ಡ ಗಾತ್ರದ ಅಂಜಲ್‌ನಲ್ಲಿ ಹೆಚ್ಚು ಸೇರಿರುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಪುಟ್ಟ ಮಕ್ಕಳು ಅವನ್ನು ಅಪರೂಪಕ್ಕೆ ಮಾತ್ರ ತಿಂದರೆ ಒಳ್ಳೆಯದು. ಮನೆಯಲ್ಲಿ ಹಳೇ ಪಾದರಸದ ಥರ್ಮಾಮೀಟರ್ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ಪೊರಕೆ ಮುಟ್ಟದೆ ಎರಡು ರಟ್ಟಿನ ತುಂಡುಗಳಿಂದ ಮಣಿಗಳನ್ನು ಒಟ್ಟುಮಾಡಿ ಮುಚ್ಚಳವಿರುವ ಬಾಟಲಿಗೆ ಹಾಕಿ. ಅದಕ್ಕೂ ಮೊದಲು ಕೈಯಲ್ಲಿರುವ ಮದುವೆಯ ಉಂಗುರ ತೆಗೆದಿಡಿ, ಪಾದರಸ ತಗಲಿದರೆ ಚಿನ್ನ ಅದನ್ನು ಹೀರಿಕೊಂಡು ಬಿಳಿಯಾಗುತ್ತದೆ.