ಲೋಹ ಹಿಡಿಯುವ ಹೊಟ್ಟು, ಸಿಪ್ಪೆ

ಶೇಂಗಾ ಸುಲಿದ ಮೇಲೆ ಉಳಿಯುವ ಸಿಪ್ಪೆ ಕುಂದಗೋಳ ಭಾಗದಲ್ಲಿ ಒಲೆಗೋ ತಿಪ್ಪೆಗೋ ಹೋಗುತ್ತದೆ. ಕಲಘಟಗಿಯ ಭತ್ತದ ಹೊಟ್ಟು, ನವಲಗುಂದ-ಅಣ್ಣಿಗೇರಿ ಎರೆಭೂಮಿಯ ಹತ್ತಿಕಟ್ಟಿಗೆ ಇವುಗಳ ಗತಿಯೂ ಹೆಚ್ಚುಕಡಿಮೆ ಇದೇ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ ಮೊದಲಾದ ಭಾರ ಲೋಹಗಳನ್ನು ಹಿಡಿದಿಡುವ ಗುಣ ಇಂಥ ವಸ್ತುಗಳಿಗೆ ಇರುವುದು ಪ್ರಯೋಗಶಾಲೆಗಳಲ್ಲಿ ಮೇಲಿಂದ ಮೇಲೆ ಕಂಡುಬಂದಿದೆ. ಆದರೆ ಈ ಗುಣವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ತಿಳಿಯದಿದ್ದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಹುಬ್ಬಳ್ಳಿಯ ಕೊಳಚೆ ನೀರು ಹರಿಯುವ ನಾಲೆಯ ದಂಡೆಯಲ್ಲಿ ಬಿಡನಾಳ, ಗಬ್ಬೂರ, ಕಟ್ನೂರಗಳಂಥ ಊರುಗಳ ರೈತರು ಪಂಪು ಹಚ್ಚಿ ತರಕಾರಿ ಬೆಳೆದುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕೊಳಚೆಯಲ್ಲಿ ಸಾರಜನಕ, ರಂಜಕ ಇರುವುದರಿಂದ ಬೆಳೆ ಹುಲುಸಾಗಿ ಬರುತ್ತದೆ. ಆದರೆ ಗಿಲೀಟು ಹಾಕುವ ಅಥವಾ ಬ್ಯಾಟರಿ ದುರಸ್ತಿಯ ಅಂಗಡಿಯ ನೀರು ಯಾವುದೇ ಊರಿನ ಗಟಾರ ಸೇರಿದರೆ ಅದರೊಡನೆ ಲೋಹವೂ ಬರುತ್ತದೆ. ಕಸಕಡ್ಡಿ ಕೊಳೆತು ಮಣ್ಣಾಗುತ್ತದೆ. ಲೋಹ ಕೊಳೆಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಹೊಲದಲ್ಲಿ ಸೇರುತ್ತಲೇ ಇರುತ್ತದೆ. ಸೀಸ ಬಹುಮಟ್ಟಿಗೆ ಬೇರಿನಲ್ಲಿಯೇ ನಿಲ್ಲುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಪಾಲಕದಂಥ ಸೊಪ್ಪಿನ ಎಲೆಗೆ ಸುಲಭವಾಗಿ ಏರುತ್ತದೆ. ಸುಣ್ಣದ ಅಂಶವಿರುವ ಎರೆಮಣ್ಣು ಅದನ್ನು ತಕ್ಕಮಟ್ಟಿಗೆ ತಡೆದೀತು. ಹುಳಿ ಮಣ್ಣಿನಲ್ಲಿ ಆ ತಡೆ ಕಡಿಮೆ.

ಎರೆಮಣ್ಣು ಗೊಬ್ಬರದ ಅಮೋನಿಯಂ ಅಂಶವನ್ನು ಹಿಡಿದಿಡುವುದು ರೈತರಿಗೆ ಗೊತ್ತಿದ್ದದ್ದೇ. ಹೊಟ್ಟು, ಸಿಪ್ಪೆಗಳ ಕೆಲಸವೂ ಅದೇ ಬಗೆಯದು. ಅವುಗಳಲ್ಲಿರುವ ಸೆಲ್ಯುಲೋಸ್, ಲಿಗ್ನಿನ್, ಪೆಕ್ಟಿನ್‌ಗಳ ಮೇಲಿನ ಆಮ್ಲೀಯ ಗುಂಪುಗಳು ತಮ್ಮಲ್ಲಿಯ ಜಲಜನಕ ಅಥವಾ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೀಸ, ತಾಮ್ರಗಳನ್ನು ಹಿಡಿಯುತ್ತವೆ. ನೀರಿನ ರಸಸಾರ 5ರಿಂದ 6 ಇದ್ದಾಗ ಈ ವಿನಿಮಯ ಚೆನ್ನಾಗಿ ನಡೆಯುತ್ತದೆ. ಹುಳಿ ಹೆಚ್ಚಾಗಿ ರಸಸಾರ 2ಕ್ಕೆ ಇಳಿದರೆ ಹಿಡಿದ ಲೋಹವನ್ನು ಬಿಟ್ಟುಬಿಡುತ್ತವೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ತಾನೇ ಮೊದಲು ಜಾಗ ಹಿಡಿಯುವುದರಿಂದ ಲೋಹಕ್ಕೆ ಸ್ಥಳ ಕಡಿಮೆಯಾಗುತ್ತದೆ.

ಅಂಗಡಿಯ ನೀರಿಗೆ ಇದನ್ನು ಬಳಸುವುದಾದರೆ ಸಿಪ್ಪೆಯನ್ನು ತೊಳೆದು ಒಣಗಿಸಿ, 1-2 ಮಿ.ಮೀ. ಗಾತ್ರಕ್ಕೆ ಕುಟ್ಟಿ ಸಾಣಿಸಬೇಕು. ತೀರ ಹಿಟ್ಟಾದರೆ ನೀರು ಇಳಿಯದೆ ಕಟ್ಟಿಕೊಳ್ಳುತ್ತದೆ. ಒಂದರ ನಂತರ ಒಂದರಂತೆ ಎರಡು ಪೀಪಾಯಿಗಳಲ್ಲಿ ತುಂಬಿ ನೀರನ್ನು ನಿಧಾನವಾಗಿ ಹಾಯಿಸಬೇಕು. ಮೊದಲನೆಯದು ತುಂಬಿಹೋದಾಗ ಎರಡನೆಯದು ತಡೆಯುತ್ತದೆ. ಒಂದು ಗ್ರಾಂ ಸಿಪ್ಪೆ 10 ಮಿ.ಗ್ರಾಂ. ಲೋಹ ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, ಒಂದು ಕಿಲೋ ಸಿಪ್ಪೆಗೆ 10 ಗ್ರಾಂ ಆಯಿತು. ಲೀಟರಿಗೆ 1 ಮಿ.ಗ್ರಾಂ. ಲೋಹವಿರುವ ನೀರು 10,000 ಲೀಟರ್ ಹಾಯ್ದಾಗ ಬರುವುದು ಅಷ್ಟೇ. ಗಟಾರದ ಮಿಶ್ರ ನೀರಿನಲ್ಲಿ ಇಷ್ಟು ಹಿಡಿಯುವ ಭರವಸೆಯಿಲ್ಲ. ಆದ್ದರಿಂದ ಈ ಕೆಲಸ ನಡೆಯಬೇಕಾದದ್ದು ಲೋಹ ಹುಟ್ಟುವ ಅಂಗಡಿಯ ಬಾಗಿಲಲ್ಲಿ, ರೈತನ ಹೊಲದ ಕಾಲುವೆಯಲ್ಲಲ್ಲ.

ಕುಡಿಯುವ ನೀರಿಗೆ ಮನೆಯಲ್ಲಿ ಈ ಪ್ರಯೋಗ ಮಾಡಲೇಬಾರದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿ.ಗ್ರಾಂ., ಕ್ಯಾಡ್ಮಿಯಂ 0.003 ಮಿ.ಗ್ರಾಂ. ಮೀರಬಾರದು. ಇಷ್ಟು ಅಲ್ಪ ಪ್ರಮಾಣ ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಪ್ರಯೋಗಶಾಲೆಯ ಪರೀಕ್ಷೆಯೊಂದೇ ಗತಿ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಹಾಗೆಯೇ ಉಳಿಯುತ್ತದೆ. ಹಸಿ ಸಿಪ್ಪೆ ನೀರಿಗೆ ಬಣ್ಣ, ವಾಸನೆ ಬಿಡುವುದು ಬೇರೆ ತೊಂದರೆ.

ಬಳಸಿದ ಸಿಪ್ಪೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅದು ನೋಡಲು ಮೊದಲಿನಂತೆಯೇ ಇರುತ್ತದೆ, ಒಳಗೆ ಮಾತ್ರ ಲೋಹ ತುಂಬಿರುತ್ತದೆ. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲಕ್ಕೆ ಮರಳುತ್ತದೆ. ಒಲೆಗೆ ಹಾಕಿದರೆ ಕ್ಯಾಡ್ಮಿಯಂ ಹೊಗೆಯೊಡನೆ ಮನೆಯೊಳಗೆ ಹರಡಬಹುದು, ತಾಮ್ರ ಬೂದಿಯಲ್ಲಿ ಉಳಿಯುತ್ತದೆ. ದನಗಳ ಮೇವಿಗಂತೂ ಮುಟ್ಟಿಸಬಾರದು. ಮುಚ್ಚಳವಿರುವ ಪೀಪಾಯಿಯಲ್ಲಿ ಕಟ್ಟಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಒಪ್ಪಿಸುವ ಹೊಣೆ ಅಂಗಡಿಯವರದು. ಶೇಂಗಾ ಸಿಪ್ಪೆಯನ್ನು ಇಂಥ ಕೆಲಸಕ್ಕೆ ಮಾರುವ ರೈತರು, ಬಳಸಿದ ಮಾಲನ್ನು ಮರಳಿ ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.