ಜೇನುತುಪ್ಪದಲ್ಲಿ ಮರದ ಗುರುತು



ಜೇನುತುಪ್ಪ ಯಾವ ಊರಿನದು, ಯಾವ ಹೂವಿನದು ಎಂದು ಕೊಳ್ಳುವವರು ಕೇಳಿದರೆ ನಾವು ಬಾಯಿಮಾತಿನಲ್ಲಿ ಹೇಳುತ್ತೇವೆ. ಆದರೆ ತುಪ್ಪವೇ ಅದಕ್ಕೆ ಸಾಕ್ಷಿ ಹೇಳಬಲ್ಲುದು. ಜೇನುನೊಣ ಮಕರಂದ ಹೀರುವಾಗ ಹೂವಿನ ಪರಾಗದ ಕಣಗಳೂ ಅದರೊಡನೆ ಸೇರುತ್ತವೆ. ತುಪ್ಪವನ್ನು ನೀರಿನಲ್ಲಿ ಕರಗಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕಣಗಳು ತಳಕ್ಕಿಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರ ನೋಡಿ, ಯಾವ ಗಿಡಮರದವೆಂದು ತಿಳಿದವರು ಗುರುತಿಸುತ್ತಾರೆ.

ಯೂರೋಪಿನ ಚೆಸ್ಟ್‌ನಟ್ ಮರ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿ, ಫ್ರಾನ್ಸ್, ಸ್ಪೇನ್ ದೇಶಗಳ ಗುಡ್ಡಗಾಡುಗಳಲ್ಲಿ ಇದು ಬೆಳೆಯುತ್ತದೆ. ಮುಳ್ಳುಸಿಪ್ಪೆಯೊಳಗಿನ ಬೀಜವನ್ನು ಅಲ್ಲಿಯವರು ಸುಟ್ಟು ತಿನ್ನುತ್ತಾರೆ. ಒಣಗಿಸಿ ಹಿಟ್ಟನ್ನೂ ಮಾಡುತ್ತಾರೆ. ಜೂನ್-ಜುಲೈ ತಿಂಗಳಲ್ಲಿ ಹೂ ಬಿಡುತ್ತದೆ. ಇದರ ತುಪ್ಪ ಕಡುಗಂದು ಬಣ್ಣದ್ದು, ರುಚಿಯಲ್ಲಿ ತುಸು ಕಹಿ. ಸುಣ್ಣ ಹೆಚ್ಚಿರುವ ಮಣ್ಣು ಈ ಮರಕ್ಕೆ ಒಗ್ಗದು, ಹುಳಿಮಣ್ಣೇ ಬೇಕು. ನೊಣಗಳು ಸಾಮಾನ್ಯವಾಗಿ 2-3 ಕಿಲೋಮೀಟರ್ ಒಳಗೆ ಮೇಯುತ್ತವೆ. ಆದುದರಿಂದ ತುಪ್ಪದಲ್ಲಿ ಈ ಪರಾಗ ಹೇರಳವಾಗಿ ಕಂಡರೆ, ಪೆಟ್ಟಿಗೆಯ ಸುತ್ತಲಿನ ಮರ ಮಾತ್ರವಲ್ಲ, ನೆಲದ ಗುಣವೂ ತಿಳಿಯುತ್ತದೆ.

ಆದರೆ ಲೆಕ್ಕದಲ್ಲಿ ಎಚ್ಚರ ಬೇಕು. ಚೆಸ್ಟ್‌ನಟ್ ಪರಾಗ ಬಹಳ ಸಣ್ಣದು. ಸಾಲಾಗಿಟ್ಟರೆ 1 ಮಿಲಿಮೀಟರಿಗೆ ಸುಮಾರು 70 ಕಣ ಹಿಡಿಯುತ್ತವೆ. ನೊಣದ ಹೊಟ್ಟೆಯೊಳಗಿನ ಸೋಸುವ ಅಂಗ ದೊಡ್ಡ ಕಣಗಳನ್ನು ಬೇಗ ತೆಗೆದುಬಿಡುತ್ತದೆ; ಸಣ್ಣವು ಹೆಚ್ಚಾಗಿ ಉಳಿಯುತ್ತವೆ. ಮರವೂ ಪರಾಗವನ್ನು ಧಾರಾಳವಾಗಿ ಸುರಿಸುತ್ತದೆ. ಹೀಗಾಗಿ 100 ಕಣಗಳಲ್ಲಿ 50 ಇದರವೆಂದ ಮಾತ್ರಕ್ಕೆ ಅರ್ಧ ತುಪ್ಪ ಈ ಮರದ್ದೆನ್ನಲಾಗದು. ಅನೇಕ ಹೂಗಳಿಗೆ 100ಕ್ಕೆ 45 ಇದ್ದರೆ ಸಾಕೆಂಬ ರೂಢಿಯುಂಟು. ಚೆಸ್ಟ್‌ನಟ್ ತುಪ್ಪವೆನ್ನಲು ಸುಮಾರು 90 ಬೇಕೆನ್ನುತ್ತಾರೆ. ಕೆಲವೇ ಕಣ ಕಂಡರೆ ಅಲ್ಲಿ ಕಾಡೇ ಇದೆಯೆಂದೂ ತಿಳಿಯಬಾರದು. ಊರ ಬಳಿ ನೆಟ್ಟ ನಾಲ್ಕಾರು ಮರಗಳಿದ್ದರೂ ಸಾಕು. ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಿದರೆ ಹಳೆಯ ಎರಿಯಲ್ಲಿ ಹಿಂದಿನ ಜಾಗದ ಪರಾಗ ಉಳಿದಿರುವುದೂ ಉಂಟು.

ನಮ್ಮ ಮಲೆನಾಡಿನ ತುಪ್ಪಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ. ನೇರಳೆಯ ಪರಾಗವೂ ಸಣ್ಣದೇ. ಅಲ್ಲಿಯೂ ಲೆಕ್ಕದಲ್ಲಿ ಅದೇ ಎಚ್ಚರ ಬೇಕು. ನೀವು ಜೇನು ಸಾಕುವವರಾದರೆ ಒಂದೊಂದು ಹೂಗಾಲದ ತುಪ್ಪವನ್ನು ಬೇರೆ ಬೇರೆ ಪಾತ್ರೆಯಲ್ಲಿಡಿ. ಪೆಟ್ಟಿಗೆಯಿದ್ದ ಜಾಗ, ತುಪ್ಪ ತೆಗೆದ ತಿಂಗಳು, ಆಗ ಅರಳಿದ್ದ ಮರಗಳು, ಇವನ್ನು ಬರೆದಿಡಿ. ಬೇರೆ ಕಡೆಯ ತುಪ್ಪ ಬೆರೆಸಿ ನಮ್ಮೂರದೆಂದು ಮಾರಿದರೆ ಪರಾಗ ಅದನ್ನು ಬಯಲಿಗೆಳೆದೀತು. ಒಮ್ಮೆ ಹೋದ ನಂಬಿಕೆ ಸುಲಭವಾಗಿ ಮರಳದು. ಹಾಗೆಯೇ ಹೂ ಕೊಡುವ ಮರಗಳನ್ನು ಕಡಿದು ಮುಗಿಸಿದರೆ, ಆ ಕೊರತೆಯನ್ನೂ ಮುಂದಿನ ವರ್ಷದ ತುಪ್ಪವೇ ಹೇಳುತ್ತದೆ.