ಯಂತ್ರದ ಕೈ ಕೆಸರಾದರೆ ಮೊಸರು ಯಾರ ಬಾಯಿಗೆ?

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ದುಡಿದವನಿಗೆ ಉಣ್ಣುವ ಹಕ್ಕುಂಟು ಎಂಬುದೇ ಅದರ ಸಾರ. ಆದರೆ ಕೆಸರಾಗುವ ಕೈ ಮನುಷ್ಯನದ್ದಾಗಿರದೆ ಯಂತ್ರದ್ದಾದರೆ? ಕಂಪ್ಯೂಟರ್, ರೋಬೋಟ್‌ಗಳ ಮಾತು ಬಂದಾಗ ಅದು ದೊಡ್ಡ ಪಟ್ಟಣದವರ ಚಿಂತೆ ಎಂದು ನಾವು ಸುಮ್ಮನಿರುತ್ತೇವೆ. ವಾಸ್ತವದಲ್ಲಿ ಈ ಪ್ರಶ್ನೆ ನಮ್ಮ ಕಾಸರಗೋಡಿನ ಅಡಿಕೆ, ತೆಂಗಿನ ತೋಟಗಳಿಗೆ ಈಗಾಗಲೇ ಕಾಲಿಟ್ಟಿದೆ.

ಯಂತ್ರ ನಮಗೆ ಹೊಸತೇನಲ್ಲ. ಹಿಂದೆ ಏತದಿಂದ ನೀರೆತ್ತಿ ತೋಟಕ್ಕೆ ಹಾಯಿಸುತ್ತಿದ್ದರು. ಪಂಪ್‌ಸೆಟ್ ಬಂದು ಬೆನ್ನುನೋವು ತಪ್ಪಿತು. ಅಕ್ಕಿಯ ಗಿರಣಿ ಬಂದಾಗ ಮನೆಯ ಹೆಂಗಸರು ಒನಕೆಯಿಂದ ಬಿಡುಗಡೆ ಹೊಂದಿದರು. ಆದರೆ ಭತ್ತ ಕುಟ್ಟಿ ಕೂಲಿ ಪಡೆಯುತ್ತಿದ್ದ ಬಡ ಹೆಂಗಸಿನ ಗತಿ ಏನಾಯಿತೆಂದು ಅಂದು ಕೇಳಿದವರು ಕಡಿಮೆ.

ಒಂದೇ ತೋಟ, ಎರಡು ಕಥೆ

ಮೊದಲು ಮರ ಹತ್ತುವ ಕೆಲಸವನ್ನು ನೋಡೋಣ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲದಂತೆ ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೆರೆಸಿದ ಈ ಮದ್ದನ್ನು ಜಾರುವ ಮರವೇರಿ ಬಿಡುವುದೆಂದರೆ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡಂತೆ. ಮರದಿಂದ ಬಿದ್ದು ಹಾಸಿಗೆ ಹಿಡಿದವರನ್ನು ಮನೆಭೇಟಿಯ ವೇಳೆ ನಾವು ಕಂಡಿದ್ದೇವೆ. ಮರ ಹತ್ತುವವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದರು. ಅದು ಸಂತೋಷದ ಸಂಗತಿಯೇ. ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮದ್ದು ಬಿಡಬಹುದು. ತೆಂಗಿಗೂ ಮರ ಹತ್ತುವ ಸಾಧನಗಳಿವೆ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ‘ತೆಂಗಿನ ಮರದ ಗೆಳೆಯರು’ ಎಂಬ ಯೋಜನೆಯಲ್ಲಿ ಯುವಕರಿಗೂ ಮಹಿಳೆಯರಿಗೂ ಇಂತಹ ಸಾಧನದ ತರಬೇತಿ ಕೊಡಲಾರಂಭಿಸಿತು. ಇಲ್ಲಿ ಯಂತ್ರವು ಅಪಾಯವನ್ನು ಕಡಿಮೆ ಮಾಡಿತು, ಕಲಿತವರಿಗೆ ಮರ್ಯಾದೆಯ ಕೂಲಿಯನ್ನೂ ಕೊಟ್ಟಿತು.

ಇನ್ನೊಂದು ಕಥೆ ಅಡಿಕೆ ಸುಲಿಯುವುದರದ್ದು. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಜಗಲಿಯಲ್ಲಿ ಕುಳಿತು ಸುಲಿದು, ಕಿಲೋ ಲೆಕ್ಕದಲ್ಲಿ ಕೂಲಿ ಪಡೆದು ಮನೆ ನಡೆಸಿದ ತಾಯಂದಿರು ನಮ್ಮ ನಡುವೆ ಅನೇಕರಿದ್ದಾರೆ. ಬಿಸಿಲಿಗೆ ಹೋಗಲಾರದ ವಯಸ್ಸಿನಲ್ಲಿಯೂ ಮಾಡಬಹುದಾಗಿದ್ದ ಕೆಲಸವದು. ಒಬ್ಬರು ದಿನವಿಡೀ ಸುಲಿಯುವಷ್ಟನ್ನು ಯಂತ್ರವು ಈಗ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ತೋಟದವರನ್ನು ದೂರುವಂತಿಲ್ಲ. ರೋಗ, ಧಾರಣೆಯ ಏರಿಳಿತ, ಆಳಿನ ಅಭಾವ ಇವುಗಳ ನಡುವೆ ಅವರೂ ಹೈರಾಣಾಗಿದ್ದಾರೆ. ಆದರೆ ಕೂಲಿಯಲ್ಲಿ ಉಳಿದ ಹಣ ತೋಟದವರಿಗೂ ಯಂತ್ರದ ಒಡೆಯನಿಗೂ ಹೋಯಿತು. ಸುಲಿಯುತ್ತಿದ್ದ ಅಕ್ಕನಿಗೆ ಉಳಿದದ್ದು ಕೈಯ ಮೇಲಿನ ಕತ್ತಿಯ ಗುರುತು ಮಾತ್ರ.

ಎರಡೂ ಕಡೆ ಬಂದದ್ದು ಯಂತ್ರವೇ. ಒಂದು ಕಡೆ ದುಡಿಯುವವನ ಕೈಗೇ ಅದನ್ನು ಕೊಟ್ಟು ಕಲಿಸಲಾಯಿತು; ಇನ್ನೊಂದು ಕಡೆ ದುಡಿಯುವವಳನ್ನು ಬದಿಗೆ ಸರಿಸಲಾಯಿತು. ವ್ಯತ್ಯಾಸವಿರುವುದು ಇಲ್ಲಿಯೇ.

ದುಡಿಮೆಯು ಮನುಷ್ಯನಿಗಾಗಿ

ಕಾರ್ಖಾನೆಗಳ ಯುಗದಲ್ಲಿ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ನ್ಯಾಯವಾದ ಕೂಲಿ ಮತ್ತು ಸಂಘಟನೆಯ ಹಕ್ಕಿನ ಬಗ್ಗೆ ವಿಶ್ವಪತ್ರ ಬರೆದರು. 1981ರಲ್ಲಿ ಎರಡನೆಯ ಜಾನ್ ಪಾಲರು, ದುಡಿಮೆಯಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂದು ಬೋಧಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ತಮ್ಮ ಹೆಸರಿನ ಆಯ್ಕೆಗೆ ಆ 1891ರ ಪತ್ರವನ್ನೂ ಇಂದಿನ ಕೃತಕ ಬುದ್ಧಿಮತ್ತೆ ಒಡ್ಡಿರುವ ಸವಾಲನ್ನೂ ಕಾರಣವಾಗಿ ಹೇಳಿದರು.

ನಾವೇನು ಮಾಡಬಹುದು?

ಒಗ್ಗಟ್ಟಿನ ದಾರಿ ನಮ್ಮ ನಾಡಿಗೆ ಗೊತ್ತಿದೆ. ಅಡಿಕೆ ಧಾರಣೆ ಕುಸಿದು ಕಂಗಾಲಾದ ಬೆಳೆಗಾರರು 1973ರಲ್ಲಿ ಕರ್ನಾಟಕ, ಕೇರಳ ಎರಡನ್ನೂ ಸೇರಿಸಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಬೆಳೆಗಾರರಿಗೆ ಸಾಧ್ಯವಾದದ್ದು ಸುಲಿಯುವವರಿಗೆ ಯಾಕೆ ಆಗಬಾರದು? ಕೇರಳದಲ್ಲಿ 1998ರಿಂದ ಕುಟುಂಬಶ್ರೀ ಇದೆ. ಹತ್ತು ಮಂದಿ ಸೇರಿ ಒಂದು ಸುಲಿಯುವ ಯಂತ್ರ ಕೊಂಡು, ಮನೆಮನೆಗೆ ಒಯ್ದು ಬಾಡಿಗೆಗೆ ನಡೆಸಿದರೆ ಕೆಲಸವೂ ಲಾಭವೂ ಅವರ ಕೈಯಲ್ಲೇ ಉಳಿಯುತ್ತದೆ. ಯಂತ್ರ ಕೊಳ್ಳಲು ಸಹಾಯಧನದ ಬಗ್ಗೆ ಕೃಷಿ ಭವನದಲ್ಲಿ ವಿಚಾರಿಸಬಹುದು.

ಯಂತ್ರ ಹಿಡಿಯಲಾರದಷ್ಟು ವಯಸ್ಸಾದವರೂ ಇದ್ದಾರೆ. ಕೇರಳದಲ್ಲಿ ಕೃಷಿ ಕಾರ್ಮಿಕರ ಪಿಂಚಣಿ 1980ರಿಂದಲೇ ಇದೆ. ಆದರೆ ಕಾಗದಪತ್ರ ಸರಿಯಿಲ್ಲದೆ ಅರ್ಜಿ ಮೂಲೆಗೆ ಬಿದ್ದಿರುವುದುಂಟು. ಓದಿದ ಮಕ್ಕಳು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಅಂತಹವರನ್ನು ಪಂಚಾಯತ್ ಕಚೇರಿಗೆ ಕರೆದೊಯ್ಯಲಿ.

ಮುಂದಿನ ವಾಳೆಯ ಸಭೆಯಲ್ಲಿ ಇದೊಂದು ವಿಷಯವಾಗಲಿ: ನಮ್ಮ ವಾಳೆಯಲ್ಲಿ ಈ ವರ್ಷ ಯಾರ ಕೆಲಸ ನಿಂತಿತು? ಆ ಮನೆಗೆ ಯಾರು ಹೋಗಿ ಬಂದರು? ಹೆಸರುಗಳನ್ನು ಬರೆದುಕೊಂಡು ಹೊರಡೋಣ.